ಮಾರಯ್ಯನ ಡ್ಯಾಮಿನ ಸುತ್ತು

ಓಬಳೇಶ ದಿನಗೂಲಿ ನೌಕರನಾಗಿ ಕರಡಿಬಂಡೆ ಡ್ಯಾಮಿಗೆ ಬಂದದ್ದು ೧೯೯೪ರ ಜುಲೈ ತಿಂಗಳಲ್ಲಿ. ಬಂದ ದಿನವೇ ಅವನಿಗೆ ಸರ್ಕಾರದ ಕಡೆಯಿಂದ ಒಂದು ಸೈಕಲ್ ಸಿಕ್ಕಿತು. ತಳಕಿನಲ್ಲಿ ಪಿಯುಸಿ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಕೂತಿದ್ದಷ್ಟೇ ಲಾಭವಾಗಿ ಎದ್ದು ಬಂದವನಿಗೆ ಇದು ಸಣ್ಣ ಮರ್ಯಾದೆಯಲ್ಲ. ಸೈಕಲ್ಲಿಗೆ ಹಿಂದಿನ ಬ್ರೇಕು ಮಾತ್ರ ಹಿಡಿಯುತ್ತಿತ್ತು. ಚೈನ್ ಕವರು ಸಡಿಲವಾಗಿ ಪೆಡಲಿಗೆ ಬಡಿದು, ಟರ್ರ್ ಟಕ್, ಟರ್ರ್ ಟಕ್ ಎಂದು ಎರಡು ಹೊಲ ಆಚೆಗೂ ಕೇಳುತ್ತಿತ್ತು. ಆದರೂ ಅದರ ಮೇಲೆ ಕೂತಾಗ ಓಬಳೇಶನಿಗೆ ತಾನು ಅರ್ಧ ಇಂಜಿನಿಯರ್ ಎನ್ನಿಸುತ್ತಿತ್ತು. ಉಳಿದರ್ಧ ಪ್ಯಾಂಟು ಹೊಲಿಸಿದ ಮೇಲೆ ಬಂದೀತು ಎಂದುಕೊಂಡಿದ್ದ.

ಮೊಳಕಾಲ್ಮೂರಿನ ಬಂಡೆಗುಡ್ಡಗಳ ನಡುವೆ, ಎತ್ತರದಲ್ಲಿ ಆ ಡ್ಯಾಮು. ಎರಡು ಗುಡ್ಡ ಸೇರಿಸಿ ಕಟ್ಟಿದ ದೊಡ್ಡ ಏರಿ, ಏರಿಯ ಕೆಳಗೆ ಕೋಡಿಹಟ್ಟಿ ಎಂಬ ಎಂಬತ್ತು ಮನೆಯ ಊರು. ನೀರಿನ ಸುತ್ತ ಒಂದು ಸುತ್ತು ಬಂದರೆ ಒಂಬತ್ತು ಕಿಲೋಮೀಟರು. ದಿನಕ್ಕೊಂದು ಸಲ ಸುತ್ತಿ ಪುಸ್ತಕದಲ್ಲಿ ಮೂರು ಸಂಗತಿ ಬರೆಯಬೇಕು. ತೂಬಿನ ಹತ್ತಿರ ನೀರು ಎಷ್ಟು ಅಡಿ ಇದೆ, ದೊಡ್ಡ ಏರಿ ಎಲ್ಲಾದರೂ ಜಿನುಗುತ್ತಿದೆಯೇ, ಹಿಂದುಗಡೆ ಗುಡ್ಡದ ಸಂದಿನಲ್ಲಿರುವ ಮರಿ ಏರಿ ನೆಟ್ಟಗಿದೆಯೇ. ಈ ಕೆಲಸವನ್ನು ಇಪ್ಪತ್ತೆರಡು ವರ್ಷದಿಂದ ನೀರುಗಂಟಿ ಮಾರಯ್ಯ ಬರಿಗಾಲಲ್ಲಿ ನಡೆದೇ ಮಾಡುತ್ತಿದ್ದ. ಏರಿ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಅವನೂ ಒಬ್ಬ. ಕಟ್ಟಿ ಮುಗಿದು ಎಲ್ಲರೂ ಬುಟ್ಟಿ ಎತ್ತಿಕೊಂಡು ಹೋದರು, ಅವನು ಉಳಿದುಕೊಂಡ.

ಇಂಜಿನಿಯರ್ ಜಂಬುಲಿಂಗಪ್ಪ ಚಳ್ಳಕೆರೆಯ ಎಣ್ಣೆಮಿಲ್ಲಿನವರ ಮನೆಯವರು. ಮಾತು ಕಡಿಮೆ, ಆಡಿದ್ದು ಗಾಣದಿಂದ ಬಂದಂತೆ ಹಿಂಡಿದ್ದು. ಮೊದಲ ದಿನವೇ ಇಬ್ಬರನ್ನೂ ಏರಿಯ ಮೇಲೆ ನಿಲ್ಲಿಸಿ ಹೇಳಿದರು.

"ಈ ಡ್ಯಾಮಿಗೆ ಒಬ್ಬನೇ ಆಳು ಅಂತ ಮೇಲಿಂದ ಆರ್ಡರ್ ಬಂದೈತೆ. ಸಂಕ್ರಾಂತಿವರೆಗೆ ಇಬ್ರೂ ಬೇರೆ ಬೇರೆ ಪುಸ್ತಕ ಬರೀರಿ. ಯಾರ್ದು ಸರಿ ಇರ್ತದೋ ಅವರು ಉಳೀತಾರೆ. ಮಾರಯ್ಯ, ನಿನಗಿನ್ನು ಹದಿನಾಲ್ಕು ತಿಂಗಳು ಸರ್ವೀಸು. ಮುಗಿಸಿದ್ರೆ ಪಿಂಚಣಿ. ನಡುವೆ ಕೈಲಾಗಲ್ಲ ಅಂತಾದ್ರೆ ಬರಿಗೈ. ತಿಳೀತಾ?"

"ತಿಳೀತು ಸಾಹೇಬ್ರೆ," ಎಂದ ಮಾರಯ್ಯ, ಅವರ ಭುಜದ ಆಚೆ ಎಲ್ಲೋ ನೋಡುತ್ತ. ಯಾರ ಜೊತೆ ಮಾತಾಡುವಾಗಲೂ ಅವನು ಹಾಗೆಯೇ, ಮುಖಕ್ಕೆ ಮುಖ ಕೊಡುತ್ತಿರಲಿಲ್ಲ. ಓಬಳೇಶ ಅದನ್ನು ಹಳಬರ ಗರ್ವ ಎಂದು ಲೆಕ್ಕ ಹಾಕಿದ. ಗರ್ವವನ್ನು ಕೂಡಲೇ ಗುರುತು ಹಿಡಿಯುವಷ್ಟು ಅದು ಅವನ ಹತ್ತಿರವೂ ಇತ್ತು.

ಕಾಲು ಗೆಲ್ಲುತ್ತದೋ ಗಾಲಿ ಗೆಲ್ಲುತ್ತದೋ ಎಂಬ ಪಂದ್ಯದಲ್ಲಿ ಓಬಳೇಶನಿಗೆ ಅನುಮಾನವೇ ಇರಲಿಲ್ಲ. ಮೊದಲ ವಾರದಲ್ಲೇ ಆರು ಪಂಚರ್, ಆರು ಸಲವೂ ಕೋಡಿ ದಾಟುವ ಮೊದಲೇ ವಾಪಸ್. ಡ್ಯಾಮಿನ ಅಂಚಿನುದ್ದಕ್ಕೂ ಜಾಲಿ ಬೆಳೆದು, ಮುಳ್ಳುಗಳು ಸರ್ಕಾರದ ಟ್ಯೂಬಿಗೇ ಕಾದು ಕೂತಂತಿದ್ದವು. ಓಬಳೇಶ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬರುವಾಗ ಎದುರಿನಿಂದ ಮಾರಯ್ಯ ಬರುತ್ತಿದ್ದ. ಒಬ್ಬ ಎಡಗಡೆಯಿಂದ ಸುತ್ತಿದರೆ ಇನ್ನೊಬ್ಬ ಬಲಗಡೆಯಿಂದ, ದಿನವೂ ಹುಣಸೆಮರದ ತಿರುವಿನಲ್ಲಿ ಭೇಟಿ. ಸೈಕಲ್ ಸರಿಯಿದ್ದ ದಿನ ಮಾರಯ್ಯ ಐವತ್ತು ಮಾರು ದೂರದಿಂದಲೇ ಕೂಗುತ್ತಿದ್ದ.

"ಬಾರಪ್ಪ ಅಳಿಯ! ಇವತ್ತು ಗಾಳಿ ಐತಾ?"

"ಐತೆ ಮಾವ. ನಿನ್ನ ಕಾಲಲ್ಲಿ ಐತಾ?"

"ನನ್ನ ಕಾಲು ಪಂಚರ್ ಆದ್ರೆ ಉಗುಳು ಹಚ್ತೀನಿ, ಹೋಗ್ತಾ ಇರ್ತೀನಿ."

ಆಮೇಲೆ ಓಬಳೇಶ ಬುದ್ಧಿವಂತನಾದ. ಅಂದರೆ ಮೋಸ ಮಾಡಲು ಕಲಿತ. ಕೋಡಿ ದಾಟಿದ ಮೇಲೆ ನೀರಿನ ಅಂಚು ಬಿಟ್ಟು, ಗುಡ್ಡದ ಹಿಂದಿನ ಗಾಡಿದಾರಿ ಹಿಡಿದರೆ ಮುಳ್ಳಿಲ್ಲ, ದಿಬ್ಬವಿಲ್ಲ, ಅರ್ಧ ಗಂಟೆ ಉಳಿತಾಯ. ಆ ದಾರಿಯಿಂದ ಮರಿ ಏರಿ ಕಾಣುವುದಿಲ್ಲ ಎನ್ನುವುದು ಸಣ್ಣ ತೊಂದರೆ. ನಿನ್ನೆ ಇದ್ದ ಏರಿ ಇವತ್ತು ಎಲ್ಲಿಗೆ ಹೋಗುತ್ತದೆ? 'ಮರಿ ಏರಿ ಸರಿಯಾಗಿದೆ' ಎಂದು ಬರೆದ. ಮರುದಿನವೂ ಬರೆದ. ತೂಬಿನ ಹತ್ತಿರ ಮೆಟ್ಟಿಲಿಳಿದು ಗೇಜು ನೋಡುವ ಕಷ್ಟಕ್ಕೂ ಅವನೊಂದು ಉಪಾಯ ಕಂಡುಕೊಂಡ. ಏರಿಯ ತುದಿಯಲ್ಲಿ ಗೀತಮ್ಮನ ಚಹಾದಂಗಡಿ. ಅಲ್ಲಿ ಬೆಂಚಿನ ಮೇಲೆ ಕೂತರೆ ನೀರಿನ ಮಧ್ಯೆ ಎಮ್ಮೆಬಂಡೆ ಕಾಣುತ್ತದೆ. ಅದರ ಬೆನ್ನು ಅಂಗೈಯಷ್ಟು ಕಂಡರೆ ಮೂವತ್ತೊಂದು ಅಡಿ. ಸ್ವಲ್ಪ ಹೆಚ್ಚು ಕಂಡರೆ ಮೂವತ್ತೂವರೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಸರ್ಕಾರದ ಕೆಲಸವೂ ಮುಗಿಯುತ್ತಿತ್ತು.

ಸೆಪ್ಟೆಂಬರಿನ ಒಂದು ಸಂತೆಯ ದಿನ ಮೊಳಕಾಲ್ಮೂರಿಗೆ ಹೋದವನು ಸೈಕಲ್ ಶಾಪಿನಲ್ಲಿ ಚೈನ್ ಕವರು ಬಿಚ್ಚಿಸಿ, ಎಲ್ಲ ಸಂದಿಗೂ ಎಣ್ಣೆ ಬಿಡಿಸಿದ. ಶಾಪಿನ ಚಾಚಾ ಗಾಲಿಯನ್ನು ಒಮ್ಮೆ ತಿರುಗಿಸಿ, "ಈಗ ನೋಡಪ್ಪ, ಬಿಲ್ಕುಲ್ ಆವಾಜ್ ಇಲ್ಲ. ಕಳ್ತನಕ್ಕೆ ಬೇಕಾದ್ರೂ ಹೋಗಬಹುದು," ಎಂದ.

ಮರುದಿನ ಬೆಳಿಗ್ಗೆ ಹುಣಸೆಮರದ ತಿರುವಿನಲ್ಲಿ ಎದುರಿಗೆ ಮಾರಯ್ಯ ಬರುವುದು ಕಂಡಿತು. ಎಂದಿನ ಕೂಗು ಬರಲಿಲ್ಲ. ಐವತ್ತು ಮಾರು, ಮೂವತ್ತು ಮಾರು, ಮಾತಿಲ್ಲ. ನಿನ್ನೆ ತಾನು ಯಾವುದೋ ಕುಚೋದ್ಯ ಆಡಿದ್ದಕ್ಕೆ ಮುದುಕ ಸಿಟ್ಟಾಗಿದ್ದಾನೆ ಎಂದುಕೊಂಡ ಓಬಳೇಶ. ಹಾಗಾದರೆ ಇನ್ನಷ್ಟು ಕೆಣಕೋಣ ಎಂದು ಸೈಕಲ್ಲನ್ನು ದಾರಿಗಡ್ಡ ನಿಲ್ಲಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತ. ದಾರಿ ಬಿಡು ಅಂತಾದರೂ ಬಾಯಿ ಬಿಡಲೇಬೇಕಲ್ಲ.

ಮಾರಯ್ಯ ಬಂದ. ಅವನ ಬಿದಿರು ಕೋಲು ಮುಂದಿನ ಗಾಲಿಯ ಕಡ್ಡಿಗಳ ಸಂದಿಗೆ ತೂರಿ ಆಚೆ ನೆಲ ಮುಟ್ಟಿತು. ನೆಲ ಸಿಕ್ಕಿತೆಂದು ಅವನು ಧೈರ್ಯವಾಗಿ ಮುಂದಿನ ಹೆಜ್ಜೆ ಇಟ್ಟ. ಸೈಕಲ್ಲೂ ಅವನೂ ಒಟ್ಟಿಗೆ ಉರುಳಿದರು.

ಓಬಳೇಶ ಮೊದಲು ನಕ್ಕ. ಈ ಮಾತನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹೊಟ್ಟೆ ಹಿಡಿದುಕೊಂಡೇ ನಕ್ಕ. ಮಾರಯ್ಯ ಧೂಳಿನಲ್ಲಿ ಕೂತು ಎರಡು ಕೈಯಿಂದ ಗಾಲಿ ಸವರಿದ, ಹ್ಯಾಂಡಲ್ ಸವರಿದ, ಸೀಟು ಸವರಿದ. ಆಮೇಲೆ ಹುಣಸೆಮರದ ಕಡೆ ಮುಖ ಮಾಡಿ ಕೇಳಿದ.

"ಯಾರಪ್ಪ ಅದು ನಗ್ತಿರೋದು? ಯಾರ್ದು ಸೈಕಲ್ಲು?"

ಓಬಳೇಶ ನಿಂತಿದ್ದದ್ದು ಅವನ ಎದುರಿಗೆ, ಒಂದು ಮೊಳ ದೂರದಲ್ಲಿ. ನಗು ನಿಂತಿತು.

"ಮಾವ... ನಾನು."

"ಓಬ್ಳೇಶನಾ?" ಮಾರಯ್ಯನ ಮುಖ ದನಿ ಬಂದ ಕಡೆ ತಿರುಗಿತು. ಕಣ್ಣು ಮಾತ್ರ ತಿರುಗಿದ್ದು ಎಲ್ಲೋ ಕಿವಿಯ ಹತ್ತಿರಕ್ಕೆ. "ಸದ್ದೆಲ್ಲಿ ಹೋಯ್ತಲೇ ನಿನ್ನ ಸೈಕಲ್ಲಿಂದು?"

ಹತ್ತಿರ ಕೂತು ನೋಡಿದರೆ ಎರಡೂ ಕಣ್ಣಿನ ಬೊಂಬೆಗಳು ಮಜ್ಜಿಗೆಯಲ್ಲಿ ಅದ್ದಿ ತೆಗೆದಂತಿದ್ದವು. ಎರಡೂವರೆ ತಿಂಗಳು ದಿನವೂ ಎದುರಾದ ಮುಖ. ತನ್ನೆರಡು ಒಳ್ಳೆಯ ಕಣ್ಣಲ್ಲಿ ಓಬಳೇಶ ಅದನ್ನು ಒಮ್ಮೆಯೂ ನೋಡಿರಲಿಲ್ಲ.

"ಎಷ್ಟು ದಿನದಿಂದ ಮಾವ?"

"ಬಲಗಣ್ಣು ಹೋಗಿ ಐದು ವರ್ಷ. ಎಡಗಣ್ಣು ಅದರ ಹಿಂದೇನೇ ಹೊರಟ್ತು, ಅದಕ್ಕೊಂದು ನಾಲ್ಕು. ಬೆಳಕು ಗೊತ್ತಾಗ್ತೈತಪ್ಪ. ಸೂರ್ಯ ಎಲ್ಲವ್ನೆ ಅಂತ ಹೇಳ್ತೀನಿ. ನೀನೆಲ್ಲಿದೀಯ ಅಂತ ಗೊತ್ತಾಗಲ್ಲ."

"ಹಂಗಾದ್ರೆ ನೀರಿನ ಲೆಕ್ಕ?"

ಮಾರಯ್ಯ ಎದ್ದು ಧೂಳು ಕೊಡವಿಕೊಂಡ. "ಬಾ," ಎಂದ.

ತೂಬಿನ ಹತ್ತಿರ ನೀರಿಗಿಳಿಯುವ ಕಲ್ಲುಮೆಟ್ಟಿಲು ಎಂಬತ್ತನಾಲ್ಕು. ಒಂದೊಂದೂ ಅರ್ಧ ಅಡಿ. ತುಂಬಿದರೆ ನಲವತ್ತೆರಡು ಅಡಿ ನೀರು. ಆ ಮೆಟ್ಟಿಲುಗಳನ್ನು ಕೂರಿಸುವಾಗ ಕಲ್ಲು ಹೊತ್ತು ತಂದವನೇ ಮಾರಯ್ಯ. ಅವನು ಮನೆಯ ಹಿತ್ತಲಿಗೆ ಇಳಿಯುವಂತೆ ಎಣಿಸುತ್ತ ಇಳಿದ. ಇಪ್ಪತ್ತಮೂರನೆಯದರಲ್ಲಿ ಕಾಲಿಗೆ ನೀರು ತಾಗಿತು. ಬಗ್ಗಿ, ಬೆರಳಲ್ಲಿ ಮೆಟ್ಟಿಲಿನ ಬದಿ ಅಳೆದ. "ಎರಡು ಬೆರಳು ಕಮ್ಮಿ ಮೂವತ್ತೊಂದು. ಅಗೋ ಗೇಜು, ನೋಡ್ಕೋ."

ಓಬಳೇಶ ನೋಡಿದ. ಎರಡು ಬೆರಳು ಕಮ್ಮಿ ಮೂವತ್ತೊಂದು.

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಮುದುಕ ಈಗ ಕೈ ಮುಗಿಯುತ್ತಾನೆ, ಯಾರಿಗೂ ಹೇಳಬೇಡ ಎನ್ನುತ್ತಾನೆ ಎಂದು ಕಾದ. ಮಾರಯ್ಯ ಕೇಳಿದ್ದು ಒಂದೇ.

"ಆ ಚೈನ್ ಕವರು ಮತ್ತೆ ಹಾಕಿಸ್ಲೇ. ಮೊಣಕಾಲು ತರಚಿ ಹೋತು."

ಓಬಳೇಶ ಸೈಕಲ್ಲನ್ನು ತಳ್ಳಿಕೊಂಡೇ ಚಹಾದಂಗಡಿಗೆ ಬಂದ. ಗೀತಮ್ಮ ಒಲೆಯ ಮುಂದೆ ಕೂತು ಒಬ್ಬಟ್ಟಿನಂಥ ದುಂಡನೆಯ ಅಕ್ಷರದಲ್ಲಿ ಏನೋ ಬರೆಯುತ್ತಿದ್ದಳು.

"ಗೀತಕ್ಕಾ, ಒಂದು ವಿಷಯ. ಮಾರಯ್ಯ ಮಾವಂಗೆ..."

"ಕಣ್ಣು ಕಾಣಲ್ಲ," ಎಂದಳು ಗೀತಮ್ಮ, ಪೆನ್ನೆತ್ತದೆ. "ಮೆಲ್ಲಕೆ ಮಾತಾಡು ತಮ್ಮ, ಸರ್ಕಾರದ ಪುಸ್ತಕ ಇಲ್ಲೇ ಐತೆ."

ಅದು ಮಾರಯ್ಯನ ಪುಸ್ತಕ. ನಾಲ್ಕು ವರ್ಷದ ಲೆಕ್ಕವೂ ಆ ದುಂಡನೆಯ ಅಕ್ಷರದಲ್ಲೇ ಇತ್ತು.

"ನೀನಾ ಬರಿಯೋದು!"

"ಮತ್ತೆ? ಅವನು ಬಂದು ಹೇಳ್ತಾನೆ, ನಾನು ಬರೀತೀನಿ. ಏಳನೇ ಕ್ಲಾಸಿನ ಅಕ್ಷರ. ನಿನ್ನ ಪಿಯುಸಿಗಿಂತ ನೆಟ್ಟಗೈತೆ."

"ಊರಲ್ಲಿ ಯಾರ್ಯಾರಿಗೆ ಗೊತ್ತು?"

"ಎಲ್ರಿಗೂ ಗೊತ್ತು. ದನಗಳಿಗೂ ಗೊತ್ತು, ಅವು ದಾರಿ ಬಿಡ್ತಾವೆ. ಸಾಹೇಬ್ರಿಗೆ ಗೊತ್ತಿಲ್ಲ, ನಿನಗೆ ಗೊತ್ತಿರಲಿಲ್ಲ."

"ಅಲ್ಲಕ್ಕಾ, ಎಂಬತ್ತು ಮನೆ ಏರಿ ಕೆಳಗವೆ. ಕಣ್ಣಿಲ್ಲದೋನ ಕೈಲಿ ಇಟ್ಟು ಹೆಂಗೆ ನಿದ್ದೆ ಮಾಡ್ತೀರಿ?"

ಗೀತಮ್ಮ ಈಗ ತಲೆಯೆತ್ತಿದಳು. "ಅವನು ದಿನಾ ಏರಿ ಹಿಂದೆ ಬರಿಗಾಲಲ್ಲಿ ತುಳ್ಕೊಂಡು ಹೋಗ್ತಾನೆ. ಒಂದು ಚಿಪ್ಪು ನೀರು ಜಿನುಗಿದ್ರೂ ಕಾಲಿಗೆ ಗೊತ್ತಾಗ್ತೈತೆ. ಕಣ್ಣಿದ್ದೋರು ಬಂದ್ರೆ ಬೆಂಚಿನ ಮೇಲೆ ಕೂತ್ಕೊಂಡು ಬರೀತಾರೆ."

ಓಬಳೇಶ ಬೆಂಚಿನಿಂದ ಎದ್ದು ನಿಂತ. ಎದ್ದದ್ದು ಯಾಕೆ ಎಂದು ಯೋಚಿಸಿ ಇನ್ನೂ ನಾಚಿಕೆಯಾಯಿತು.

ಇಷ್ಟಾದ ಮೇಲೆ ಮನುಷ್ಯ ಬದಲಾಗಬೇಕು. ಓಬಳೇಶ ಅಂದು ಸಂಜೆ ರೂಮಿನಲ್ಲಿ ಕೂತು ಒಂದು ಅರ್ಜಿ ಬರೆದ. 'ನೀರುಗಂಟಿ ಮಾರಯ್ಯ ಇವರಿಗೆ ಎರಡೂ ಕಣ್ಣು ಕಾಣುವುದಿಲ್ಲವಾದ ಕಾರಣ' ಎಂದು ಶುರು, 'ತಮ್ಮ ವಿಧೇಯ' ಎಂದು ಕೊನೆ. ಬರೆದು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಕೊಟ್ಟರೆ ಕೆಲಸ ತನ್ನದು, ಮಾರಯ್ಯ ಬರಿಗೈಲಿ ಮನೆಗೆ. ಕೊಡದಿದ್ದರೆ ಸಂಕ್ರಾಂತಿಗೆ ತಾನು ಬರಿಗೈಲಿ ತಳಕಿಗೆ. ದಿನವೂ ಕೊಡಬೇಕೆಂದು ಹೊರಡುತ್ತಿದ್ದ, ದಿನವೂ ಅಂಗಿಯ ಜೊತೆ ವಾಪಸ್ ತರುತ್ತಿದ್ದ. ಚೈನ್ ಕವರನ್ನು ಮಾತ್ರ ಮಾರನೆಯ ದಿನವೇ ಹಾಕಿಸಿದ. ಮನಸ್ಸಿನ ಒಂದು ಭಾಗ ಅರ್ಜಿ ಹೊತ್ತರೆ ಇನ್ನೊಂದು ಭಾಗ ಸದ್ದು ಮಾಡಿಕೊಂಡು ತಿರುಗುತ್ತಿತ್ತು.

ಅಕ್ಟೋಬರಿನಲ್ಲಿ ಮೇಲಿನ ಗುಡ್ಡಗಳಲ್ಲಿ ಮೂರು ದಿನ ಬಿಡದೆ ಮಳೆಯಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೇಳದೆ ಕೇಳದೆ ಜಂಬುಲಿಂಗಪ್ಪನವರ ಜೀಪು ಏರಿಗೆ ಬಂತು. ಎರಡೂ ಪುಸ್ತಕ ಬಾನೆಟ್ಟಿನ ಮೇಲೆ ಬಿಚ್ಚಿಟ್ಟರು. ಮಾರಯ್ಯನದು ಮೂವತ್ತಮೂರೂವರೆ. ಓಬಳೇಶನದು ಮೂವತ್ತೊಂದು.

"ಎರಡೂವರೆ ಅಡಿ!" ಎಂದರು ಜಂಬುಲಿಂಗಪ್ಪ. ಅವರೇ ಮೆಟ್ಟಿಲಿಳಿದು ಗೇಜು ನೋಡಿ, ಏದುಸಿರು ಬಿಡುತ್ತ ಮೇಲೆ ಬಂದರು. "ಮೂವತ್ತಮೂರೂವರೆ. ಓಬಳೇಶ್, ನೀನು ಯಾವ ಡ್ಯಾಮು ನೋಡಿ ಬರ್ದೆ?"

"ಎಮ್ಮೆಬಂಡೆ ಲೆಕ್ಕ ಸಾರ್. ಬೆನ್ನು ಅಂಗೈಯಷ್ಟು ಕಂಡ್ರೆ ಮೂವತ್ತೊಂದು. ಈಗ್ಲೂ ಕಾಣ್ತೈತೆ, ಬೇಕಾದ್ರೆ ನೋಡ್ರಿ." ಓಬಳೇಶ ಕೈ ಚಾಚಿದ. ನೀರಿನಲ್ಲಿ ಕರ್ರನೆಯ ಬೆನ್ನು ನುಣ್ಣಗೆ ಹೊಳೆಯುತ್ತಿತ್ತು.

ಎಲ್ಲರೂ ಆ ಕಡೆ ನೋಡಿದರು. ಬೆನ್ನು ಒಮ್ಮೆ ಅಲ್ಲಾಡಿತು. ಆಮೇಲೆ ಅದರ ಮುಂದೆ ಎರಡು ಕೊಂಬು ಎದ್ದವು. ಕಿವಿ ಪಟಪಟನೆ ಬಡಿದವು. ಎಮ್ಮೆಬಂಡೆ ಮೂಗಿನಿಂದ ನೀರು ಸೀನಿ, ನಿಧಾನವಾಗಿ ದಡ ಹತ್ತಿ, ಸಗಣಿ ಹಾಕಿ ನಿಂತಿತು.

"ಅಯ್ಯೋ, ಅದು ನಮ್ಮೆಮ್ಮೆ," ಎಂದಳು ಗೀತಮ್ಮ ಅಂಗಡಿಯಿಂದ. "ಮೂರು ದಿನದಿಂದ ಅದೇ ಜಾಗ ಹಿಡ್ಕೊಂಡೈತೆ. ಬಂಡೆ ಮುಳುಗೀನೂ ಮೂರು ದಿನ ಆತಲ್ಲ."

ಜೀಪಿನ ಡ್ರೈವರು ನಗು ತಡೆಯಲು ಟೈರು ಪರೀಕ್ಷಿಸತೊಡಗಿದ. ಓಬಳೇಶನಿಗೆ ಆ ನೀರಿನ ಮೂವತ್ತಮೂರೂವರೆ ಅಡಿಯೂ ತನ್ನ ತಲೆಯ ಮೇಲೆ ನಿಂತಂತಾಯಿತು. ಜಂಬುಲಿಂಗಪ್ಪ ನಗಲಿಲ್ಲ.

"ನಿನಗೆ ಕಣ್ಣು ಕಾಣ್ಸಲ್ಲ. ಕಣ್ಣು ಕಾಣದೋನು ನನಗೆ ಬೇಡ. ನಾಳೆಯಿಂದ ಬರಬೇಡ."

ಓಬಳೇಶನ ಕೈ ಜೇಬಿಗೆ ಹೋಯಿತು. ಕಾಗದ ಬೆವರಿಗೆ ಮೆತ್ತಗಾಗಿತ್ತು. ಹೊರಗೆ ತೆಗೆದ. ಕೊಡುತ್ತಿದ್ದನೋ ಇಲ್ಲವೋ, ಇಂದಿಗೂ ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮಾತು ಬಂತು.

"ಸಾಹೇಬ್ರೆ, ಆ ಹುಡುಗನ ಕಣ್ಣು ಚೆನ್ನಾಗವೆ. ಸೋಮಾರಿ, ಅದು ಬೇರೆ ಮಾತು. ಕಣ್ಣು ಕಾಣದೋನು ನಾನು."

ಜಂಬುಲಿಂಗಪ್ಪ ಮಾರಯ್ಯನ ಹತ್ತಿರ ಹೋಗಿ ಮುಖದ ಮುಂದೆ ಮೂರು ಬೆರಳು ಹಿಡಿದರು.

"ಎಷ್ಟು?"

"ಕೈ ಎತ್ತಿದ್ದು ಗಾಳಿಗೆ ಗೊತ್ತಾತು. ಬೆರಳು ನೀವೇ ಎಣಿಸ್ಕೋಬೇಕು."

ಜಂಬುಲಿಂಗಪ್ಪ ಜೀಪಿನ ಬಂಪರಿನ ಮೇಲೆ ಕೂತರು. ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದರು. ಪ್ರತಿ ಹಾಳೆಯ ಕೆಳಗೂ ಅವರದೇ ಸಹಿ.

"ನಾಲ್ಕು ವರ್ಷ," ಎಂದರು ತಮಗೇ ಹೇಳಿಕೊಳ್ಳುವಂತೆ. "ನಾಲ್ಕು ವರ್ಷದಿಂದ ಈ ಲೆಕ್ಕ ಮೇಲಕ್ಕೆ ಕಳಿಸ್ತಿದೀನಲ್ಲೋ, ಮಾರಯ್ಯ! ಒಂದಾದ್ರೂ ತಪ್ಪಿದ್ರೆ ನಾನೆಲ್ಲಿರ್ತಿದ್ದೆ?"

"ತಪ್ಪಿಲ್ವಲ್ಲ ಸಾಹೇಬ್ರೆ."

"ಅದೇ ಭಯ ಆಗ್ತಿರೋದು ನನಗೆ." ಪುಸ್ತಕ ಮುಚ್ಚಿ ಎದ್ದರು. "ಚಳ್ಳಕೆರೆಯಲ್ಲಿ ಮುಂದಿನ ತಿಂಗಳು ಕಣ್ಣಿನ ಕ್ಯಾಂಪು ಐತೆ. ಪೊರೆ ತೆಗೀತಾರೆ, ಕಾಸಿಲ್ಲ. ಅಲ್ಲೀವರೆಗೆ ರಜೆ ಹಾಕು. ಕಣ್ಣು ಬಂದ ಮೇಲೆ ನನ್ನೆದುರಿಗೆ ಪೂರ್ತಿ ಒಂದು ಸುತ್ತು ಬಾ. ಬಂದ್ರೆ ಸರ್ವೀಸು ಮುಗಿಯೋವರೆಗೂ ಇರು, ನಾನು ಸಹಿ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ. ಓಬಳೇಶ್, ಅಲ್ಲೀವರೆಗೆ ನೀನಿರು. ಮೆಟ್ಲು ಇಳಿದು ಬರಿ. ಎಮ್ಮೆ ನೋಡಬೇಡ."

ಜೀಪು ಹೋದ ಮೇಲೆ ಓಬಳೇಶ ಕೈಯಲ್ಲಿದ್ದ ಕಾಗದವನ್ನು ಗೀತಮ್ಮನ ಒಲೆಗೆ ಹಾಕಿದ. ಅದು ಬೆವರಿಗೆ ನೆನೆದು ಉರಿಯಲೂ ಇಲ್ಲ, ಹೊಗೆಯಾಡಿತು.

ಕ್ಯಾಂಪಿಗೆ ಮಾರಯ್ಯನನ್ನು ಕರೆದುಕೊಂಡು ಹೋದವನೂ ಓಬಳೇಶನೇ. ಮಾರಯ್ಯನ ಹೆಂಡತಿ ಜೋಗಮ್ಮ ಜೊತೆಗೆ ಬಂದಳು. ಆಂಧ್ರದ ಗಡಿಯಾಚೆ ಹುಟ್ಟಿದವಳು, ಸಿಟ್ಟು ಬಂದಾಗ ತೆಲುಗಿಗೆ ಇಳಿಯುತ್ತಿದ್ದಳು. ಆಪರೇಷನ್ ಆದದ್ದು ಬಲಗಣ್ಣಿಗೆ ಮಾತ್ರ. ಪಟ್ಟಿ ಬಿಚ್ಚಿ, ಹೊಲಿಗೆ ಒಣಗಿ, ಕನ್ನಡಕ ಕೈಗೆ ಬರುವಷ್ಟರಲ್ಲಿ ಜನವರಿ. ಬಲಗಡೆ ಸೋಡಾಬುಡ್ಡಿಯಂಥ ಗಾಜು, ಎಡಗಡೆ ಬರೀ ಗಾಜು. ಹಾಕಿಕೊಂಡರೆ ಮಾರಯ್ಯನ ಬಲಗಣ್ಣು ಎಡಗಣ್ಣಿನ ಎರಡರಷ್ಟು ಕಾಣುತ್ತಿತ್ತು. ತೆಗೆದರೆ ಅವನಿಗೆ ಮತ್ತೆ ಎಲ್ಲ ಮಂಜು.

ಕನ್ನಡಕ ಏರಿಸಿದವನು ಮೊದಲು ಹೆಂಡತಿಯನ್ನು ನೋಡಿ ಬೆಚ್ಚಿದ. "ಇಷ್ಟೊಂದು ಮುದುಕಿ ಯಾವಾಗಾದೆ ನೀನು?"

"ನುವ್ವು ಚೂಡನಪ್ಪುಡು," ಎಂದಳು ಜೋಗಮ್ಮ. ನೀನು ನೋಡದೇ ಇದ್ದಾಗ ಎಂದರ್ಥ.

ಆಮೇಲೆ ಓಬಳೇಶನನ್ನು ನೋಡಿದ. "ಇಷ್ಟೇನಾ ನೀನು? ದನಿ ಕೇಳಿ ಭಾರಿ ಆಳು ಅಂದ್ಕೊಂಡಿದ್ನಲ್ಲೋ!"

ಪರೀಕ್ಷೆಯ ದಿನ ಜಂಬುಲಿಂಗಪ್ಪ ದೊಡ್ಡ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತರು. ಅಲ್ಲಿಂದ ನೀರಿನಾಚೆ ಮರಿ ಏರಿ ಒಂದು ಗೆರೆಯಷ್ಟು ಕಾಣುತ್ತದೆ. "ಅಲ್ಲಿ ನಿಂತು ಟವೆಲ್ ಬೀಸು. ನಾನು ಜೀಪಿನ ಹಾರನ್ ಹೊಡೆಸ್ತೀನಿ, ಸಹಿ ಆತು ಅಂತ ತಿಳ್ಕೋ. ಓಬಳೇಶ್, ನೀನೂ ಜೊತೆಗೆ ನಡಿ. ಸೈಕಲ್ ಇಲ್ಲಿಡು."

ಮಾರಯ್ಯ ದಾರಿಯುದ್ದಕ್ಕೂ ಬೆರಗಾಗುತ್ತ ನಡೆದ. ಜಾಲಿ ಇಷ್ಟು ಬೆಳೆದಿದ್ದಕ್ಕೆ ಬೆರಗು, ಹುಣಸೆಮರ ಇಷ್ಟು ಸೊರಗಿದ್ದಕ್ಕೆ ಬೆರಗು. ದಪ್ಪ ಗಾಜಿನಲ್ಲಿ ನೆಲ ಹತ್ತಿರ ಬಂದು ನಿಲ್ಲುತ್ತಿತ್ತಂತೆ. ಇಲ್ಲದ ಕಲ್ಲನ್ನು ದಾಟಿ, ಇದ್ದ ಕಲ್ಲನ್ನು ಎಡವಿ ಹೋಗುತ್ತಿದ್ದ. ಕೋಡಿ ದಾಟಿದ ಮೇಲೆ ಗಾಡಿದಾರಿಯ ಕಡೆ ತಾನಾಗಿಯೇ ತಿರುಗಿದ ತನ್ನ ಕಾಲುಗಳನ್ನು ಓಬಳೇಶ ಎಳೆದು ನೀರಿನ ಅಂಚಿಗೆ ತಂದ. ಈ ಕಡೆ ಅವನು ಬಂದದ್ದು ಅದೇ ಮೊದಲು.

ಗುಡ್ಡ ಮೂಗಿನಂತೆ ನೀರಿಗೆ ಚಾಚಿದ ಕಡೆ ಬಂದು ಇಬ್ಬರೂ ನಿಂತರು.

ಅಲ್ಲಿ ದಾರಿಯೆಂದರೆ ಬಂಡೆಯ ಹೊಟ್ಟೆಯಲ್ಲಿ ಕಡಿದ ಒಂದು ಪಟ್ಟಿ. ಎಡಗಡೆ ನೆಟ್ಟಗೆ ಬಂಡೆ, ಬಲಗಡೆ ಏನೂ ಇಲ್ಲ. ಐವತ್ತು ಅಡಿ ಕೆಳಗೆ ಕರ್ರನೆಯ ನೀರು. ಮೊದಲು ಗಾಡಿಯ ಅಗಲವಿದ್ದ ದಾರಿಯಂತೆ. ಯಾವುದೋ ಮಳೆಗಾಲದಲ್ಲಿ ಹೊರಗಿನ ಚಪ್ಪಡಿ ಕಳಚಿಬಿದ್ದು ಈಗ ಉಳಿದದ್ದು ಒಂದು ಪಾದದ ಅಗಲ, ಇಪ್ಪತ್ತು ಮಾರು ಉದ್ದ. ಅಂಚಿನ ಕೆಳಗೆ ಕಲ್ಲು ಕೊರೆದು ಹೋಗಿ ಪಟ್ಟಿ ಗಾಳಿಯಲ್ಲಿ ನಿಂತಿತ್ತು.

"ಇದು ಯಾವಾಗ ಬಿತ್ತು?" ಎಂದ ಮಾರಯ್ಯ.

"ನನಗೇನು ಗೊತ್ತು ಮಾವ? ದಿನಾ ಇದರ ಮೇಲೆ ಹೋಗ್ತಿದ್ದೋನು ನೀನು!"

"ಕಾಲಿಗೆ ಚೂರು ಕಿರಿದಾಗೈತೆ ಅನ್ಸಿತ್ತು. ಚೂರು." ಅವನು ಇನ್ನೊಮ್ಮೆ ಬಗ್ಗಿ ನೋಡಿದ. ಎಡಗೈ ಬಂಡೆಯನ್ನು ತಡವುತ್ತ ಹಿಂದೆ ಸರಿದು ಹಾಗೆಯೇ ಕುಸಿದು ಕೂತ. ನಾಲ್ಕು ವರ್ಷ, ದಿನಕ್ಕೊಂದು ಸಲ. ಸಾವಿರಕ್ಕೂ ಹೆಚ್ಚು ಸಲ. ಲೆಕ್ಕ ಓಬಳೇಶನ ತಲೆಯಲ್ಲೂ ಓಡಿತು, ಮಾರಯ್ಯನ ತಲೆಯಲ್ಲೂ ಓಡಿದ್ದು ಅವನ ತುಟಿಯಲ್ಲಿ ಕಂಡಿತು.

ನೀರಿನಾಚೆ ಏರಿಯ ಮೇಲೆ ಜಂಬುಲಿಂಗಪ್ಪ ಕುರ್ಚಿಯಿಂದ ಎದ್ದು ನಿಂತದ್ದು ಬಿಳಿ ಚುಕ್ಕೆಯಾಗಿ ಕಂಡಿತು.

"ಆಗಲ್ಲ ಓಬ್ಳೇಶ. ನನ್ನ ಕೈಲಾಗಲ್ಲ. ಕಾಲು ಏಳ್ತಿಲ್ಲ."

"ಮಾವ, ಎಂಟು ತಿಂಗಳು. ಇನ್ನೆಂಟೇ ತಿಂಗಳು ಇರೋದು."

"ನೋಡಿದ ಮೇಲೆ ಹೆಂಗಲೇ ಹೋಗೋದು?"

ಮಾರಯ್ಯ ಏನೋ ಹೊಳೆದವನಂತೆ ಕನ್ನಡಕ ತೆಗೆದು ಓಬಳೇಶನ ಕೈಗಿಟ್ಟ. "ಹಿಡ್ಕೋ. ಬೀಳಿಸಿದ್ರೆ ನಿನ್ನನ್ನೂ ಬೀಳಿಸ್ತೀನಿ."

ಎದ್ದ. ಎಡ ಅಂಗೈಯನ್ನು ಬಂಡೆಗೆ ಒತ್ತಿದ. ಬರಿಗಾಲಿನ ಹೆಬ್ಬೆರಳಲ್ಲಿ ಅಂಚನ್ನು ಒಮ್ಮೆ ಸವರಿ, ಗುರುತು ಸಿಕ್ಕವನಂತೆ ತಲೆಯಾಡಿಸಿ, ನಡೆದೇಬಿಟ್ಟ. ಎಡವಲಿಲ್ಲ, ತಡವರಿಸಲಿಲ್ಲ. ಸಂತೆಗೆ ಹೊರಟವನಂತೆ, ನಡುವೆ ಒಮ್ಮೆ ನಿಂತು ಮೂಗು ಸೀನಿಕೊಂಡು, ಗುಡ್ಡದ ಮೂಗು ತಿರುಗಿ ಮರೆಯಾದ.

ಓಬಳೇಶನ ಹೃದಯ ಬಾಯಿಗೆ ಬಂದಿತ್ತು. ಅದು ವಾಪಸ್ ಇಳಿಯುವ ಮೊದಲೇ ಆಚೆಯಿಂದ ಕೂಗು ಬಂತು.

"ಲೇ! ಕನ್ನಡಕ ತಾರಲೇ! ಟವೆಲ್ ಯಾವ ಕಡೆ ಬೀಸ್ಲಿ?"

ಕನ್ನಡಕವಿಲ್ಲದೆ ಏರಿಯ ದಿಕ್ಕು ಕಾಣದು, ಟವೆಲ್ ಬೀಸದೆ ಸಹಿಯಿಲ್ಲ. ಓಬಳೇಶ ಕನ್ನಡಕವನ್ನು ಅಂಗಿಯೊಳಗೆ ಇಳಿಸಿ ಗುಂಡಿ ಹಾಕಿದ. ಹೊಸ ಪ್ಯಾಂಟಿನ ಮೊಣಕಾಲೂರಿ, ನಾಲ್ಕು ಕಾಲಿನ ಪ್ರಾಣಿಯಾಗಿ, ಬಂಡೆಗೆ ಕೆನ್ನೆ ಒತ್ತಿ ತೆವಳಿದ. ಕಣ್ಣು ತೆರೆದರೆ ನೀರು ಮೇಲೆ ಬರುತ್ತಿತ್ತು. ಮುಚ್ಚಿದರೆ ಬಂಡೆ ಹೊರಕ್ಕೆ ತಳ್ಳುತ್ತಿತ್ತು. ಒಂದು ಕಲ್ಲು ಅವನ ಪಾದದಡಿಯಿಂದ ಜಾರಿ ಹೋಯಿತು. ಅದು ನೀರಿಗೆ ಬಿದ್ದ ಸದ್ದು ಬರಲು ಹಿಡಿದ ಹೊತ್ತಿನಲ್ಲಿ ಅವನು ತನ್ನ ಅವ್ವನನ್ನೂ ಮನೆದೇವರನ್ನೂ ನೆನೆದು, ಇಬ್ಬರಿಗೂ ಬೇರೆ ಬೇರೆ ಸುಳ್ಳು ಹರಕೆ ಹೊತ್ತ.

ಆಚೆ ತಲುಪಿ, ಮುಖ ನೆಲಕ್ಕಿಟ್ಟು ಬಿದ್ದುಕೊಂಡವನ ಅಂಗಿಯೊಳಗಿನಿಂದ ಮಾರಯ್ಯನೇ ಕನ್ನಡಕ ತಡವಿ ತೆಗೆದು ಹಾಕಿಕೊಂಡ. ಏರಿಯ ಕಡೆ ತಿರುಗಿ ಟವೆಲ್ ಬೀಸಿದ. ನೀರಿನ ಮೇಲಿಂದ ಜೀಪಿನ ಹಾರನ್ ಉದ್ದಕ್ಕೆ ತೇಲಿ ಬಂತು.

ಓಬಳೇಶ ತಲೆಯೆತ್ತಿ ನೋಡಿದ. ಎರಡು ಗುಡ್ಡದ ಸಂದಿನಲ್ಲಿ, ಆಳೆತ್ತರದ ಮಣ್ಣಿನ ಮರಿ ಏರಿ. ಮಣ್ಣು ಜರಿದಲ್ಲೆಲ್ಲ ಕಲ್ಲು ತುಂಬಿದ್ದರು. ದೊಡ್ಡ ಕಲ್ಲಲ್ಲ, ಒಬ್ಬ ಮನುಷ್ಯ ಎರಡು ಕೈಯಲ್ಲಿ ಎತ್ತಬಹುದಾದ ಗಾತ್ರದವು. ಈ ತುದಿಯಿಂದ ಆ ತುದಿಯವರೆಗೆ ಸಾಲು ಸಾಲು, ನೂರಾರು. ಸಂದಿಗೊಂದು ಚೂರು ಬಡಿದು ಅಲುಗದಂತೆ ಕೂರಿಸಿದ್ದರು. ಹೊಸ ಕಲ್ಲುಗಳ ಮೇಲೆ ಪಾಚಿಯೂ ಇರಲಿಲ್ಲ.

"ಇದೆಲ್ಲ ಯಾರು ಮಾಡಿದ್ದು ಮಾವ?"

ಮಾರಯ್ಯ ಅವನ ಕಡೆ ತಿರುಗಿದ. "ಯಾರು ಮಾಡ್ತಾರೆ? ದಿನಾ ಬರುವಾಗ ಒಂದೆರಡು ಹಾಕಿ ಹೋಗ್ತಿದ್ದೆ. ಇಲ್ಲಿ ಬಿಟ್ಟುಹೋದ್ರೆ ನೀರು ಹಿಂದಿನಿಂದ ಕೋಡಿಹಟ್ಟಿಗೇ ನುಗ್ಗೋದು." ಮಾತು ಅಲ್ಲಿಗೆ ನಿಂತಿತು. ಅವನ ಹುಬ್ಬು ಮೆಲ್ಲಗೆ ಮೇಲೇರಿತು. "ನೀನು ದಿನಾ ನೋಡ್ತಿದ್ದಲ್ಲ? ಮರಿ ಏರಿ ಸರಿಯಾಗಿದೆ ಅಂತ ಬರೀತಿದ್ದೆ. ಗೀತಮ್ಮ ಓದಿ ಹೇಳ್ತಿದ್ಲು."

ಓಬಳೇಶ ಎದ್ದು ಕೂತ.

"ಒಂದ್ಸಲಾನೂ ಬಂದಿಲ್ವಾ?"

ಓಬಳೇಶ ಪ್ಯಾಂಟಿನ ಮೊಣಕಾಲಿನ ಧೂಳು ಕೊಡವಿದ.

"ನಾನು ರಜೆ ಮೇಲಿದ್ದಾಗ್ಲೂ? ಮಳೆ ಮುಗಿದ ಮೇಲೂ?"

ಇಲ್ಲ ಎಂದು ತಲೆಯಾಡಿಸಿದ. ನೂರೈವತ್ತಕ್ಕೂ ಹೆಚ್ಚು ಸಲ ಬರೆದಿದ್ದ. ತೊಂಬತ್ತು ದಿನ ಈ ಏರಿಯನ್ನು ಯಾವ ಮನುಷ್ಯನೂ ಹತ್ತಿರದಿಂದ ನೋಡಿರಲಿಲ್ಲ. ಕೆಳಗೆ ಎಂಬತ್ತು ಮನೆ ಅವನ ಅಕ್ಷರವನ್ನು ನಂಬಿ ಮಲಗಿದ್ದವು.

ಮಾರಯ್ಯ ಅವನನ್ನು ನೋಡಿದ. ಭುಜದಾಚೆಗಲ್ಲ, ಕಿವಿಯ ಹತ್ತಿರಕ್ಕಲ್ಲ, ನೇರ ಮುಖಕ್ಕೆ. ದಪ್ಪ ಗಾಜಿನ ಹಿಂದೆ ಆ ಒಂದು ಕಣ್ಣು ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ರೆಪ್ಪೆ ಬಡಿಯದೆ ನಿಂತಿತ್ತು. ಬಂಡೆಯ ಪಟ್ಟಿಯನ್ನು ನೋಡಿದಾಗಲೂ ಅದು ಇಷ್ಟು ಬೆಚ್ಚಿರಲಿಲ್ಲ. ಬೈದಿದ್ದರೆ ಓಬಳೇಶನಿಗೆ ಸುಲಭವಾಗುತ್ತಿತ್ತು.

ಮಾರಯ್ಯ ಬೈಯಲಿಲ್ಲ. ಬಗ್ಗಿ ಪಕ್ಕದಲ್ಲಿ ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಓಬಳೇಶನ ಕೈಗೆ ಕೊಟ್ಟು, ಹೊಸದಾಗಿ ಜರಿದಿದ್ದ ಜಾಗ ತೋರಿಸಿದ.

"ನಾಳೆಯಿಂದ ನನ್ನ ಹಿಂದೆ ಬಾ, ಸಾಹೇಬ್ರಿಗೆ ನಾನು ಹೇಳ್ತೀನಿ. ಇದೇ ದಾರೀಲಿ."

"ಹ್ಞೂಂ ಮಾವ," ಎಂದ ಓಬಳೇಶ. ಅಂದದ್ದು ಬಾಯಿ. ಮೊಣಕಾಲುಗಳಿನ್ನೂ ಒಪ್ಪಿರಲಿಲ್ಲ.